ಏಳು ಮನೆಯ ಅನ್ನ

(ತಪಸ್ಸು ಕಾಲದಲ್ಲಿ ಚಾಮರಾಜಪೇಟೆಯ ಧರ್ಮಕೇಂದ್ರದ ಸಭೆಯಲ್ಲಿ ನಮ್ಮ ಸಮಾಜ ಸೇವಾ ಸಂಸ್ಥೆಯ ಪರವಾಗಿ ಆಡಿದ ಮಾತುಗಳ ಬರಹ ರೂಪ)



ಪ್ರತಿ ತಪಸ್ಸು ಕಾಲದಲ್ಲೂ ಕಾರಿತಾಸ್ ಇಂಡಿಯಾದ ಹಸಿವು ಮತ್ತು ರೋಗದ ವಿರುದ್ಧದ ಆಂದೋಲನಕ್ಕಾಗಿ ನಿಮ್ಮಿಂದ ಕಾಣಿಕೆ ಕೇಳುತ್ತೇವೆ. ಕೇಳಿದಾಗಲೆಲ್ಲ ಯಾರಾದರೂ ಒಬ್ಬರು ಒಂದು ಮಾತು ಹೇಳೇ ಹೇಳುತ್ತಾರೆ. "ಅಲ್ಲ ಸ್ವಾಮಿ, ಅಮೆರಿಕದವರು, ಜರ್ಮನಿಯವರು ಕೋಟಿಗಟ್ಟಲೆ ಕೊಡ್ತಾರೆ. ನಮ್ಮ ಹತ್ತು ಇಪ್ಪತ್ತು ರೂಪಾಯಿಂದ ಏನಾಗಬೇಕು?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಲೇಬೇಕು. ಕೋಟಿ ಕೊಡುವ ದೊಡ್ಡ ದಾನಿ ಹೇಗೆ ಕೊಡುತ್ತಾನೆ, ಅವನ ಹಣ ಯಾವ ದಾರಿಯಲ್ಲಿ ಬರುತ್ತದೆ, ಅವನು ನಿಲ್ಲಿಸಿದ ದಿನ ಏನಾಗುತ್ತದೆ ಅಂತ ಇವತ್ತು ಮಾತಾಡೋಣ. ಇದು ದೂರದ ದೇಶದ ಕತೆಯಲ್ಲ. ನಮ್ಮ ಬೆಂಗಳೂರೂ ಒಂದು ಕಾಲದಲ್ಲಿ ಹಾಗೆ ಪಡೆದುಕೊಂಡ ಊರು.

ಧಾತು, ಈಶ್ವರ ಸಂವತ್ಸರಗಳ ಬರ

ನಾವು ಕೂತಿರುವ ಈ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು 1898ರ ಪ್ಲೇಗಿನ ನಂತರ. ಅದಕ್ಕೂ ಮುಂಚೆ, 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ದೊಡ್ಡ ಬರ ಬಿತ್ತು. ಹಳಬರು ಅದನ್ನು ಧಾತು, ಈಶ್ವರ ಸಂವತ್ಸರಗಳ ಬರ ಅಂತ ಕರೆಯುತ್ತಿದ್ದರು. ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಜನಗಣತಿ ನೋಡಿ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದ ಮೇಲೆ ಹೆಚ್ಚಾಗಬೇಕಾಗಿದ್ದ ಜನಸಂಖ್ಯೆ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಹಳ್ಳಿಗಳಿಂದ ಜನ ಕಾಲುನಡಿಗೆಯಲ್ಲಿ ಬೆಂಗಳೂರಿಗೆ ಬಂದರು. ದಾರಿಯಲ್ಲೇ ಸತ್ತವರು ಎಷ್ಟೋ ಮಂದಿ.

ಆಗ ಕಾಳು ಇರಲಿಲ್ಲವೇ? ಇತ್ತು. ಮದರಾಸಿನಿಂದ ಬೆಂಗಳೂರು ದಂಡಿಗೆ ರೈಲು 1864ರಲ್ಲೇ ಬಂದಿತ್ತು. ಧಾನ್ಯದ ಮೂಟೆಗಳು ರೈಲಿನಲ್ಲಿ ಇಲ್ಲಿಗೆ ಬಂದು ಬಿದ್ದವು. ಆದರೆ ಇಲ್ಲಿಂದ ಒಳನಾಡಿಗೆ ಸಾಗಿಸಲು ರೈಲಿಲ್ಲ, ಗಾಡಿ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಬೆಂಗಳೂರು ಮೈಸೂರು ರೈಲು ದಾರಿಯ ಕೆಲಸವನ್ನು ಬರ ಪರಿಹಾರದ ಕಾಮಗಾರಿಯಾಗಿ ಎತ್ತಿಕೊಂಡದ್ದು ಆಗಲೇ. ಇವತ್ತು ನಾವು ಮೈಸೂರಿಗೆ ಹೋಗುವ ಆ ದಾರಿಯ ಮಣ್ಣು ಹಸಿದವರು ಹೊತ್ತ ಮಣ್ಣು.

1877ರ ಆಗಸ್ಟ್‌ನಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಲಂಡನ್ನಿನ ಮೇಯರ್‌ಗೆ ಮನವಿ ಕಳಿಸಿದರು. ಅಲ್ಲಿ ಮ್ಯಾನ್ಷನ್ ಹೌಸ್ ನಿಧಿ ಅಂತ ಶುರುವಾಯಿತು. ಬ್ರಿಟನ್ನಿನ ಊರೂರಿಂದ, ಇಗರ್ಜಿಗಳಿಂದ, ಕಾರ್ಖಾನೆಗಳಿಂದ 5 ಲಕ್ಷ ಪೌಂಡಿಗೂ ಮೀರಿ ಹಣ ಕೂಡಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಅದರಲ್ಲಿ ಮೈಸೂರು ಸೀಮೆಗೂ ಪಾಲು ಬಂತು.

ಈ ಹಣ ಹೇಗೆ ಖರ್ಚಾಯಿತು ಅನ್ನೋದು ಮುಖ್ಯ. ಸರ್ಕಾರ ಗಂಜಿ ಕೇಂದ್ರ ನಡೆಸುತ್ತಿತ್ತು, ಕಾಮಗಾರಿಗೆ ಕೂಲಿ ಕೊಡುತ್ತಿತ್ತು. ನಿಧಿಯವರು ಅದನ್ನೇ ಮತ್ತೆ ಮಾಡಲಿಲ್ಲ. ಸರ್ಕಾರದ ಕೈ ಮುಟ್ಟದ ಕಡೆ ಹೋದರು. ಬಟ್ಟೆಯಿಲ್ಲದೆ ಗುಡಿಸಲಿನಿಂದ ಹೊರಗೆ ಬರಲಾಗದ ಹೆಂಗಸರಿಗೆ ಬಟ್ಟೆ, ಅನಾಥ ಮಕ್ಕಳಿಗೆ ಆಸರೆ, ಬೀದಿಯಲ್ಲಿ ಕೈಚಾಚಲು ಮಾನ ಅಡ್ಡ ಬಂದವರಿಗೆ ಗುಟ್ಟಾಗಿ ಸಹಾಯ. ಮಳೆ ಬಂದ ಮೇಲೆ ರೈತನಿಗೆ ಬೀಜಕ್ಕೆ, ಎತ್ತಿಗೆ, ಗುಡಿಸಲಿನ ಹುಲ್ಲಿಗೆ ಒಂದಿಷ್ಟು ಹಣ. ಹಂಚಿದವರು ಸ್ಥಳೀಯ ಸಮಿತಿಗಳವರು. ಹಣ ಲಂಡನ್ನಿನದು, ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅನ್ನುವ ತಿಳಿವಳಿಕೆ ಮಾತ್ರ ಇಲ್ಲಿನವರದು.

ಇನ್ನೊಂದು ಮಾತನ್ನೂ ಸೇರಿಸಲೇಬೇಕು. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಒಂದು ಕೈಯಲ್ಲಿ ಧಾನ್ಯ ಹೋಯಿತು, ಇನ್ನೊಂದು ಕೈಯಲ್ಲಿ ದಾನ ಬಂತು. ಕೊಟ್ಟ ಸಾಮಾನ್ಯ ಜನರ ಕರುಣೆ ನಿಜವಾದದ್ದು, ಅದನ್ನು ನಾವು ಹೀಗಳೆಯಬಾರದು. ಆದರೆ ನ್ಯಾಯ ಇಲ್ಲದ ಕಡೆ ದಾನ ಎಷ್ಟು ಬಂದರೂ ಸಾಲುವುದಿಲ್ಲ ಅನ್ನೋದನ್ನು ಮರೆಯಲೂ ಬಾರದು.

ಹಾಲಿನ ಪುಡಿ ಮತ್ತು ಕೇರ್ ಉಪ್ಪಿಟ್ಟು

ಇನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡ ಕಾಲಕ್ಕೆ ಬರೋಣ. ಅರವತ್ತು ದಾಟಿದವರು ಕೈ ಎತ್ತಿ ಅಂದರೆ, ಶಾಲೆಯಲ್ಲಿ ಕೇರ್ ಉಪ್ಪಿಟ್ಟು ತಿಂದವರು, ಹಾಲಿನ ಪುಡಿ ಅಂಗೈಗೆ ಹಾಕಿಸಿಕೊಂಡು ನೆಕ್ಕಿದವರು ಇಲ್ಲೇ ಎಷ್ಟೋ ಮಂದಿ ಸಿಗುತ್ತಾರೆ. ಆ ಚೀಲಗಳ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಗುರುತು ಇರುತ್ತಿತ್ತು. ಅಮೆರಿಕದ ಜನರ ಕೊಡುಗೆ, ಮಾರಾಟಕ್ಕಲ್ಲ ಅಂತ ಬರೆದಿರುತ್ತಿತ್ತು.

1954ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಪಿ.ಎಲ್. 480 ಅಂತ ಅದರ ಹೆಸರು. ಅಲ್ಲಿನ ರೈತರು ಬೆಳೆದದ್ದು ಹೆಚ್ಚಾಗಿ ಗೋದಾಮು ತುಂಬಿತ್ತು. ಆ ಧಾನ್ಯವನ್ನು ಸರ್ಕಾರವೇ ಕೊಂಡು ಬಡ ದೇಶಗಳಿಗೆ ಕಳಿಸಬಹುದು ಅಂತ ಕಾನೂನು. ಒಂದು ಭಾಗ ಸರ್ಕಾರದಿಂದ ಸರ್ಕಾರಕ್ಕೆ ಮಾರಾಟ. ಇನ್ನೊಂದು ಭಾಗ ಕೇರ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಥರದ ಸಂಸ್ಥೆಗಳ ಮೂಲಕ ಉಚಿತ ಹಂಚಿಕೆ. ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1943ರಲ್ಲಿ ಕಟ್ಟಿದ್ದು. ಭಾರತದಲ್ಲಿ 1946ರಿಂದ ಕೆಲಸ ಮಾಡುತ್ತಿದೆ. ಅದು ತಂದ ಧಾನ್ಯ, ಎಣ್ಣೆ, ಹಾಲಿನ ಪುಡಿ ದೇಶದ ಅನೇಕ ಧರ್ಮಕ್ಷೇತ್ರಗಳ ಸಮಾಜ ಸೇವಾ ಸಂಸ್ಥೆಗಳ ಮೂಲಕ ಹಳ್ಳಿ ತಲುಪಿತು. ಕೆಲವೆಡೆ ಬಾವಿ ತೋಡಿದವರಿಗೆ, ರಸ್ತೆ ಮಾಡಿದವರಿಗೆ ಕೂಲಿಯಾಗಿ ಗೋಧಿ ಕೊಟ್ಟರು.

ಇದರಲ್ಲಿ ಕೊಡುವವರ ಲಾಭವೂ ಇತ್ತು. ಧಾನ್ಯ ಅಮೆರಿಕದಲ್ಲೇ ಬೆಳೆದದ್ದಾಗಬೇಕು. ದೊಡ್ಡ ಪಾಲು ಅಮೆರಿಕದ ಬಾವುಟದ ಹಡಗಿನಲ್ಲೇ ಹೋಗಬೇಕು. ಹೀಗಾಗಿ ಅಲ್ಲಿನ ರೈತನಿಗೂ ಹಡಗಿನವನಿಗೂ ಸಂಪಾದನೆ. ತಪ್ಪು ಅಂತ ಹೇಳುತ್ತಿಲ್ಲ. ಮಗುವಿನ ಹೊಟ್ಟೆಗೆ ಬಿದ್ದ ಹಾಲು ಹಾಲೇ. ಆದರೆ ದೊಡ್ಡ ದಾನಿಯ ಚೀಲಕ್ಕೆ ಒಂದು ದಾರ ಕಟ್ಟಿರುತ್ತದೆ, ಆ ದಾರದ ತುದಿ ಅವನ ಕೈಯಲ್ಲೇ ಇರುತ್ತದೆ.

1965, 66ರಲ್ಲಿ ಮಳೆ ಕೈಕೊಟ್ಟಾಗ ದಾರ ಬಿಗಿಯಾಯಿತು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಅಮೆರಿಕದ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ಒಟ್ಟಿಗೆ ಬಿಡದೆ ತಿಂಗಳ ಲೆಕ್ಕದಲ್ಲಿ ಬಿಡತೊಡಗಿದರು. ಭಾರತದ ಕೃಷಿ ನೀತಿ ಬದಲಾಗಬೇಕು ಅನ್ನುವುದು ಒಂದು ಕಾರಣ, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಹಿಡಿಸದಿದ್ದುದು ಇನ್ನೊಂದು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಕೇಳಿಕೊಂಡದ್ದು ಆ ದಿನಗಳಲ್ಲೇ. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು.

ಆದರೆ ಈ ಕತೆಗೆ ಒಳ್ಳೆಯ ಮುಗಿತಾಯವೂ ಇದೆ. ದೇಶ ತನ್ನ ಗೋಧಿ ತಾನೇ ಬೆಳೆಯಿತು. ವಿದೇಶಿ ಆಹಾರ ಹಂತ ಹಂತವಾಗಿ ಕಡಿಮೆಯಾಗುತ್ತಾ ಬಂತು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಕೊಡಲೇಬೇಕು ಅಂತ 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಮುಂದಿನ ವರ್ಷ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅಂದು ಯಾರೋ ದೂರದವರು ಕೊಟ್ಟ ಉಪ್ಪಿಟ್ಟು ಇಂದು ನಮ್ಮ ಮಕ್ಕಳ ಹಕ್ಕಿನ ಅನ್ನವಾಗಿದೆ. 2022ರಲ್ಲಿ ಭಾರತವೇ ಅಫ್ಘಾನಿಸ್ತಾನಕ್ಕೆ ಗೋಧಿ ಕೊಟ್ಟಿತು. ಒಟ್ಟು 50,000 ಟನ್ ಅಂತ ಮಾತು ಕೊಟ್ಟು, ಮೊದಲ ಕಂತನ್ನು ಅಟ್ಟಾರಿ ಗಡಿಯಿಂದ ಲಾರಿಗಳಲ್ಲಿ ಕಳಿಸಿತು. ಹಂಚಿದ್ದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ. ದಾನಿ ಹೀಗೆ ಮೆಲ್ಲಗೆ ಪಕ್ಕಕ್ಕೆ ಸರಿದು, ಪಡೆದವನು ಎದ್ದು ನಿಂತು, ನಾಳೆ ಅವನೇ ಕೊಡುವಂತಾದರೆ ಆ ದಾನ ಫಲಿಸಿತು ಅಂತ ಅರ್ಥ.

ಒಂದೇ ಸಲ ಬಾಗಿಲು ಹಾಕಿದಾಗ

ಈಗ ಇನ್ನೊಂದು ಥರದ ಮುಗಿತಾಯ ನೋಡಿ. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯು.ಎಸ್.ಏಡ್ ಶುರುವಾದದ್ದು 1961ರಲ್ಲಿ. 2024ರ ಹೊತ್ತಿಗೆ ಯುದ್ಧ, ಬರ, ಭೂಕಂಪಗಳಿಗೆ ಸಿಕ್ಕಿದ ಮಾನವೀಯ ನೆರವಿನಲ್ಲಿ, ವಿಶ್ವಸಂಸ್ಥೆ ಲೆಕ್ಕ ಇಟ್ಟ ಮಟ್ಟಿಗೆ, 100ಕ್ಕೆ ಸುಮಾರು 40 ರೂಪಾಯಿ ಅಮೆರಿಕದ್ದೇ ಆಗಿತ್ತು. ವಿಶ್ವ ಆಹಾರ ಕಾರ್ಯಕ್ರಮದ ಆದಾಯದಲ್ಲಿ ಸುಮಾರು ಅರ್ಧ ಅದರದ್ದು. ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ನ ಹಣದಲ್ಲೂ ಸುಮಾರು ಅರ್ಧ ಅಲ್ಲಿಂದಲೇ.

2025ರ ಜನವರಿ 20ರಂದು ಹೊಸ ಸರ್ಕಾರ ವಿದೇಶಿ ನೆರವನ್ನೆಲ್ಲ ತಡೆಹಿಡಿಯಿತು. ಮಾರ್ಚ್ ತಿಂಗಳಲ್ಲಿ 100ಕ್ಕೆ 83 ಕಾರ್ಯಕ್ರಮ ರದ್ದು ಅಂತ ಹೇಳಿತು. ಜುಲೈ 1ಕ್ಕೆ ಯು.ಎಸ್.ಏಡ್ ಸಂಸ್ಥೆಯೇ ನಿಂತುಹೋಯಿತು, ಉಳಿದ ಕೆಲಸ ವಿದೇಶಾಂಗ ಇಲಾಖೆಗೆ ಸೇರಿತು. ಆರವತ್ತು ವರ್ಷ ಮೀರಿ ಕಟ್ಟಿದ್ದು ಆರು ತಿಂಗಳಲ್ಲಿ ಮುಗಿಯಿತು. ಈ ರೀತಿ ಏಕಾಏಕಿ ನಿಲ್ಲಿಸಿದ್ದನ್ನು ಕಾರಿತಾಸ್ ಇಂಟರ್‌ನ್ಯಾಷನಲಿಸ್ ಕಟುವಾಗಿ ಖಂಡಿಸಿತು.

ಒಂದು ಸಣ್ಣ ವಿಷಯ ಹೇಳುತ್ತೇನೆ. ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದ ಹಸಿದ ಮಕ್ಕಳಿಗಾಗಿ ಕೊಂಡಿದ್ದ ಪೌಷ್ಟಿಕ ಬಿಸ್ಕತ್ತು, ಸುಮಾರು 500 ಟನ್, ದುಬೈನ ಗೋದಾಮಿನಲ್ಲಿತ್ತು. ಹಣ ಆಗಲೇ ಕೊಟ್ಟಾಗಿತ್ತು. ಸಾಗಿಸಲು ಸಹಿ ಹಾಕುವವರು ಇಲ್ಲದೆ ಅದು ಅಲ್ಲೇ ಕೂತು, ಅವಧಿ ಮುಗಿದು, 2025ರ ಜುಲೈನಲ್ಲಿ ಸುಡುವುದು ಅಂತಾಯಿತು. ಹಣದ ಕೊರತೆ ಇರಲಿಲ್ಲ, ತಿಂಡಿಯ ಕೊರತೆ ಇರಲಿಲ್ಲ. ಆದರೂ ಮಕ್ಕಳ ಕೈಗೆ ಬರಲಿಲ್ಲ.

ದೊಡ್ಡ ದಾನಿ ಕೆಟ್ಟವನು ಅಂತ ಹೇಳಲು ಇದನ್ನು ಹೇಳುತ್ತಿಲ್ಲ. ಅಷ್ಟು ವರ್ಷ ಅವನ ಅನ್ನದಿಂದ ಬದುಕಿದ ಜೀವಗಳನ್ನು ಎಣಿಸಲಾಗದು. ಆ ಕೆಲಸವನ್ನು ನಮ್ಮ ಲಕೋಟೆಗಳು ಮಾಡಲಾರವು. ಪ್ರಶ್ನೆ ಬೇರೆ. ಅರ್ಧ ಊಟ ಒಂದೇ ಮನೆಯಿಂದ ಬರುವಂತೆ ನಾವು ಏಕೆ ಬಿಟ್ಟೆವು?

ವಾರಾನ್ನದ ಲೆಕ್ಕ

ಈ ಪ್ರಶ್ನೆಗೆ ನಮ್ಮ ಹಳೇ ಬೆಂಗಳೂರೇ ಉತ್ತರ ಇಟ್ಟುಕೊಂಡಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಿರಿಯರನ್ನು ಕೇಳಿ, ವಾರಾನ್ನದ ಬಗ್ಗೆ ಹೇಳುತ್ತಾರೆ. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವ ಮನೆಯೂ ಶ್ರೀಮಂತರದಲ್ಲ, ಗುಮಾಸ್ತರು, ಮೇಷ್ಟರುಗಳ ಮನೆ. ತಾವು ಉಣ್ಣುವುದರಲ್ಲೇ ವಾರಕ್ಕೊಂದು ಎಲೆ ಹೆಚ್ಚಿಗೆ ಹಾಕುತ್ತಿದ್ದರು. ಹಾಗೆ ಓದಿ ದೊಡ್ಡ ಹುದ್ದೆಗೆ ಹೋದವರು ಈ ನಾಡಿನಲ್ಲಿ ಎಷ್ಟೋ ಮಂದಿ.

ಇದರ ಲೆಕ್ಕ ನೋಡಿ. ಒಂದು ಮನೆಯವರು ವರ್ಗವಾಗಿ ಊರು ಬಿಟ್ಟರೆ ಹುಡುಗನಿಗೆ ವಾರಕ್ಕೆ ಒಂದು ದಿನ ಉಪವಾಸ. ಆರು ದಿನ ಅನ್ನ ಇದೆ, ಅಷ್ಟರಲ್ಲಿ ಇನ್ನೊಂದು ಮನೆ ಹುಡುಕಿಕೊಳ್ಳಬಹುದು. ಅದೇ ಏಳೂ ದಿನ ಒಂದೇ ದೊಡ್ಡ ಮನೆಯಲ್ಲಿ ಉಣ್ಣುತ್ತಿದ್ದು, ಆ ಯಜಮಾನ ಒಂದು ದಿನ "ನಾಳೆಯಿಂದ ಬರಬೇಡ" ಅಂದುಬಿಟ್ಟರೆ? 2025ರಲ್ಲಿ ಜಗತ್ತಿನ ಬಡವರಿಗೆ ಆದದ್ದು ಅದೇ.

ವಾರಾನ್ನಕ್ಕೂ ಒಂದು ಕೊರತೆ ಇತ್ತು, ಮುಚ್ಚಿಡಬಾರದು. ಹೆಚ್ಚಿನ ಮನೆಗಳಲ್ಲಿ ಎಲೆ ಹಾಕುವ ಮುಂಚೆ ಜಾತಿ ನೋಡುತ್ತಿದ್ದರು. ಏಳು ಬಾಗಿಲೂ ಮುಚ್ಚಿದ್ದ ಹುಡುಗರು ಇದೇ ಊರಿನಲ್ಲಿ ಇದ್ದರು. ಆದ್ದರಿಂದ ಏಳು ಮನೆಯ ಲೆಕ್ಕವನ್ನು ಇಟ್ಟುಕೊಳ್ಳೋಣ, ಜಾತಿಯ ಗೋಡೆಯನ್ನು ಬಿಡೋಣ.

ಸಮಾರಿಯದವನ ಎರಡು ನಾಣ್ಯ

ಆ ಗೋಡೆಯನ್ನು ಹೇಗೆ ದಾಟಬೇಕು ಅಂತ ಪ್ರಭು ಯೇಸು ಹೇಳಿದ ಸಾಮತಿ ನಿಮಗೆಲ್ಲ ಗೊತ್ತು. ಲೂಕನ ಶುಭಸಂದೇಶದ 10ನೇ ಅಧ್ಯಾಯ. ಕಳ್ಳರ ಕೈಗೆ ಸಿಕ್ಕಿ ಬಿದ್ದವನು ಯಾರು, ಯಾವ ಕುಲ ಅಂತ ಸಮಾರಿಯದವನು ಕೇಳಲಿಲ್ಲ. ಇದು ಮೊದಲ ಪಾಠ. 2005ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ತಮ್ಮ ವಿಶ್ವಪತ್ರದಲ್ಲಿ ಇದನ್ನೇ ಖಚಿತ ಮಾಡಿದರು. ನಮ್ಮ ಸೇವೆಗೆ ಬೇರೆ ಉದ್ದೇಶ ಇರಬಾರದು, ಮತ ಬದಲಿಸುವ ಸಾಧನ ಆಗಬಾರದು ಅಂತ.

ಎರಡನೇ ಪಾಠ: ಅವನು ತನ್ನ ಚೀಲದಲ್ಲಿ ಆ ಹೊತ್ತಿಗೆ ಇದ್ದ ಎಣ್ಣೆ, ದ್ರಾಕ್ಷಾರಸವನ್ನೇ ಗಾಯಕ್ಕೆ ಹಾಕಿದ, ತನ್ನ ಕತ್ತೆಯ ಮೇಲೆ ಕೂರಿಸಿದ. ಮೊದಲ ಗಂಟೆಯ ಸಹಾಯ ಯಾವಾಗಲೂ ಹತ್ತಿರದವರದೇ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮೊದಲು ಕೈ ಕೊಟ್ಟವರು ಪಕ್ಕದ ಊರಿನವರು. ವಿದೇಶದ ಹಣಕ್ಕೆ ಯೋಜನೆ ಬರೆಯಬೇಕು, ಅಲ್ಲಿ ಒಪ್ಪಿಗೆ ಆಗಬೇಕು. ಅಲ್ಲಿಯವರೆಗೆ ನೀರು ಕಾಯುತ್ತದೆಯೇ?

ಮೂರನೇ ಪಾಠ: ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ನೋಡಿಕೋ ಅಂದ. ಬಟ್ಟೆಗೆ ಇಷ್ಟು, ಔಷಧಿಗೆ ಇಷ್ಟು ಅಂತ ಪಟ್ಟಿ ಹಿಡಿಯಲಿಲ್ಲ. ಅಲ್ಲೇ ಇರುವವನಿಗೆ ಏನು ಬೇಕು ಅಂತ ಗೊತ್ತಿರುತ್ತದೆ ಅಂತ ನಂಬಿದ. 2016ರಲ್ಲಿ ಇಸ್ತಾಂಬುಲ್ ಸಮ್ಮೇಳನದಲ್ಲಿ ದೊಡ್ಡ ದಾನಿ ದೇಶಗಳು, ಸಂಸ್ಥೆಗಳು ಸೇರಿ 100ಕ್ಕೆ 25ರಷ್ಟು ನೆರವನ್ನು ಸ್ಥಳೀಯ ಸಂಸ್ಥೆಗಳಿಗೆ ತಲುಪಿಸುತ್ತೇವೆ ಅಂತ ಒಪ್ಪಿಕೊಂಡವು. ನೇರವಾಗಿ ತಲುಪಿದ್ದು ಅದಕ್ಕಿಂತ ಬಹಳ ಕಡಿಮೆ.

ನಾಲ್ಕನೇ ಪಾಠ: ಹೆಚ್ಚು ಖರ್ಚಾದರೆ ವಾಪಸು ಬಂದಾಗ ಕೊಡುತ್ತೇನೆ ಅಂದ. ನಡುವೆ ಕೈಬಿಡುವುದಿಲ್ಲ ಅನ್ನುವ ಭರವಸೆ ಅದು.

ನಾವು ಮಾಡಬಹುದಾದದ್ದು

ಜರ್ಮನಿಯ ಮಿಸೆರಿಯೋರ್ ಅಂತ ಕೇಳಿದ್ದೀರಿ. ಇಂದು ಅದು ದೊಡ್ಡ ದಾನಿ, ಅಲ್ಲಿನ ಸರ್ಕಾರದ ಹಣವೂ ಅದರ ಮೂಲಕ ಬರುತ್ತದೆ. ಆದರೆ ಅದರ ಬೇರು ಎಲ್ಲಿದೆ ಗೊತ್ತೇ? 1959ರ ತಪಸ್ಸು ಕಾಲದಲ್ಲಿ ಅಲ್ಲಿನ ಧರ್ಮಕೇಂದ್ರಗಳಲ್ಲಿ ಎತ್ತಿದ ಕಾಣಿಕೆಯಲ್ಲಿ. ಮಹಾಯುದ್ಧದಲ್ಲಿ ಊರೂರೇ ನೆಲಸಮವಾಗಿ, ಹೊರಗಿನವರ ಆಹಾರದ ಪೊಟ್ಟಣ ಪಡೆದ ಜನ ಹದಿನೈದೇ ವರ್ಷದಲ್ಲಿ ಬೇರೆಯವರಿಗಾಗಿ ಕೂಡಿಸಿದ್ದು ಅದು.

ನಮ್ಮಲ್ಲಿ ಈಗ ಕಾನೂನೂ ಬದಲಾಗಿದೆ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯಿದೆಗೆ ತಿದ್ದುಪಡಿ ಬಂತು. ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಅದು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ 100ಕ್ಕೆ 50 ಇದ್ದದ್ದು 20ಕ್ಕೆ ಇಳಿಯಿತು. ಆದ್ದರಿಂದ ದೂರದ ಮನೆಯ ಅನ್ನವನ್ನೇ ನಂಬಿ ಕೂರುವ ಕಾಲ ಮುಗಿಯಿತು. ನಿಮ್ಮನ್ನು ಮೂರು ಕೇಳಿಕೊಳ್ಳುತ್ತೇನೆ.

ಒಂದು, ದೊಡ್ಡದಾಗಿ ಒಮ್ಮೆ ಬೇಡ, ಚಿಕ್ಕದಾಗಿ ತಿಂಗಳು ತಿಂಗಳು ಕೊಡಿ. ಮನೆಗೆ 50 ರೂಪಾಯಿ ಆದರೂ ಸಾಕು. ಇಷ್ಟು ಬರುತ್ತದೆ ಅಂತ ಗೊತ್ತಿದ್ದರೆ ತುರ್ತು ನಿಧಿ ಅಂತ ತೆಗೆದಿಡಬಹುದು. ಯಾವ ಊರಿಗೆ, ಯಾವುದಕ್ಕೆ ಅಂತ ಮೊದಲೇ ದಾರ ಕಟ್ಟಬೇಡಿ.

ಎರಡು, ಹಳೇ ಬಟ್ಟೆ ದಯವಿಟ್ಟು ಬೇಡ. 2004ರ ಸುನಾಮಿ ಆದಾಗ ಬೆಂಗಳೂರಿನಿಂದಲೂ ಲಾರಿಗಟ್ಟಲೆ ಸಾಮಾನು ಹೋಯಿತು. ನಾಗಪಟ್ಟಣದ ರಸ್ತೆ ಬದಿಯಲ್ಲಿ ಹಳೇ ಬಟ್ಟೆ ರಾಶಿ ಬಿದ್ದು ಕೊಳೆಯಿತು. ಮನೆ ಮಠ ಕಳೆದುಕೊಂಡ ಮೀನುಗಾರರಿಗೂ ಮಾನ ಇರುತ್ತದೆ, ಅಲ್ವಾ? 1877ರಲ್ಲಿ ಬಟ್ಟೆ ಕೊಟ್ಟವರು ಬೇಕಾದವರಿಗೆ ಬೇಕಾದ ಹೊತ್ತಿಗೆ ಕೊಟ್ಟರು. ನಾವು ಬೀರು ಖಾಲಿ ಮಾಡಲು ಕೊಡಬಾರದು.

ಮೂರು, ಲೆಕ್ಕ ಕೇಳಿ. ರಸೀದಿ ಕೇಳಿ ಪಡೆಯಿರಿ. ವರ್ಷಕ್ಕೊಮ್ಮೆ ಜಮಾ ಖರ್ಚನ್ನು ದೇವಾಲಯದ ಫಲಕದ ಮೇಲೆ ಹಾಕಿ ಅಂತ ನಮ್ಮನ್ನು ಒತ್ತಾಯ ಮಾಡಿ. ವಿದೇಶದ ದಾನಿ ಪೈಸೆ ಪೈಸೆಗೆ ಲೆಕ್ಕ ಕೇಳುತ್ತಾನೆ, ನಾವು ಕೊಡುತ್ತೇವೆ. ನಿಮ್ಮ 50 ರೂಪಾಯಿಗೂ ಅದೇ ಹಕ್ಕಿದೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೋಟಿ ಕೊಡುವವರ ಜಾಗದಲ್ಲಿ ನಿಮ್ಮ ಹತ್ತು ರೂಪಾಯಿ ನಿಲ್ಲಲಾರದು ನಿಜ. ಆದರೆ ಕೋಟಿ ಕೊಡುವ ಮನೆ ಬಾಗಿಲು ಹಾಕಿದ ದಿನ ಎಲೆ ಖಾಲಿ ಇರದಂತೆ ನೋಡಿಕೊಳ್ಳುವುದು ಅದೇ ಹತ್ತು ರೂಪಾಯಿ. ಬಡ ವಿಧವೆಯ ಎರಡು ಕಾಸನ್ನು ಪ್ರಭು ಯಾಕೆ ಎಣಿಸಿದರು ಅಂತ ಈ ತಪಸ್ಸು ಕಾಲದಲ್ಲಿ ಯೋಚಿಸೋಣ. ಈ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬವೂ ಆ ಏಳು ಮನೆಗಳಲ್ಲಿ ಒಂದಾಗಲಿ.